ಬಾಟ್ಲಿ ಎಣಿಸಿದ್ರಿ, ನಮ್ಮನ್ನ ಎಣಿಸ್ಲಿಲ್ಲ: ಕಾಡಿನ ದಾರಿ ಕಾಯೋರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಚಾರಣದ ದಾರಿಗಳ ಉಸ್ತುವಾರಿ ಹೊತ್ತಿರೋ ಅರಣ್ಯಾಧಿಕಾರಿಗಳಿಗೆ, ಹಾಗೇ ವೀಕೆಂಡ್ ಟ್ರೆಕ್ ಆರ್ಗನೈಸ್ ಮಾಡೋ ಎಲ್ಲರಿಗೆ

ವಿಷಯ: ಬೆಟ್ಟ ಹತ್ತಿದೋರು ಇಳಿದ್ರೋ ಇಲ್ವೋ ಅಂತ ಯಾರೂ ನೋಡದೇ ಇರೋ ಬಗ್ಗೆ

ಮಾನ್ಯರೇ,

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ, ಈ ಪತ್ರದಲ್ಲಿ ನಾನು ಬೆಟ್ಟದ ಹೆಸರು ಹೇಳಲ್ಲ, ಚೆಕ್‌ಪೋಸ್ಟ್ ಹೆಸರು ಹೇಳಲ್ಲ, ನಮ್ಮನ್ನ ಕರ್ಕೊಂಡು ಹೋದ ಟ್ರೆಕ್ಕಿಂಗ್ ಗುಂಪಿನ ಹೆಸರೂ ಹೇಳಲ್ಲ. ಹೇಳಿದ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತು ನನಗೂ ಗೊತ್ತು, ಮೇಲಿಂದ ಒಂದು ನೋಟಿಸ್ ಹೊರಡುತ್ತೆ, ಅದು ಒಬ್ಬೊಬ್ರ ಟೇಬಲ್ ದಾಟಿ ಇಳಿದು ಇಳಿದು ಕೊನೆಗೆ ಆ ರಾತ್ರಿ ಟಾರ್ಚ್ ಹಿಡ್ಕೊಂಡು ನಮ್ಮನ್ನ ಹುಡುಕ್ಕೊಂಡು ಬಂದ ದಿನಗೂಲಿ ವಾಚರ್ ತಲೆ ಮೇಲೆ ಬೀಳುತ್ತೆ. ಅವ್ರಿಗೆ ನಾನು ಮಾಡೋ ಉಪಕಾರ ಇದಲ್ಲ. ಅದಕ್ಕೆ ಹೆಸರು ಬಿಟ್ಟು ನಡೆದಿದ್ದನ್ನ ಮಾತ್ರ ಬರೀತಿದೀನಿ, ಓದಿ.

ನಾನು ಹುಟ್ಟಿದ್ದು ಮಲೆನಾಡಲ್ಲೇ, ಈಗ ಹದಿನಾರು ವರ್ಷದಿಂದ ಬೆಂಗಳೂರಲ್ಲಿ ಕೆಲಸ. ಚಿಕ್ಕವನಿದ್ದಾಗ ದನ ಹುಡುಕೋಕೆ, ಮುರುಗಲು ಹಣ್ಣು ಕೊಯ್ಯೋಕೆ ಕಾಡು ಸುತ್ತಿದ್ದೀನಿ ಅನ್ನೋ ಒಂದು ಜಂಬ ನನಗೆ ಇವತ್ತಿಗೂ ಇದೆ, ಸರಿಯಾಗಿ ಹೇಳ್ಬೇಕು ಅಂದ್ರೆ ಜನವರಿ ಕೊನೇ ಭಾನುವಾರದ ತನಕ ಇತ್ತು. ಅವತ್ತು ಆಫೀಸಿನ ಒಂದಷ್ಟು ಜನ, ಹೊರಗಿನವ್ರು ಒಂದಷ್ಟು ಜನ, ಒಟ್ಟು ಹದಿನಾಲ್ಕು ಮಂದಿ ಒಬ್ಬ ಆರ್ಗನೈಸರ್ ಜೊತೆ ಹೋಗಿದ್ವಿ.

ಬೆಳಿಗ್ಗೆ ಏಳು ಗಂಟೆಗೆ ಚೆಕ್‌ಪೋಸ್ಟ್. ಬ್ಯಾಗ್ ಎಲ್ಲ ಬಿಚ್ಚಿಸಿದ್ರು, ಚಿಪ್ಸ್ ಪ್ಯಾಕೆಟ್ ಕವರ್ ತೆಗೆಸಿ ಪೇಪರ್‌ಗೆ ಸುರಿಸಿದ್ರು, ಪ್ಲಾಸ್ಟಿಕ್ ಬಾಟ್ಲಿ ಎಷ್ಟಿದೆ ಅಂತ ಒಂದೊಂದಾಗಿ ಎಣಿಸಿದ್ರು, ಹತ್ತೊಂಬತ್ತು ಬಾಟ್ಲಿ, ಪ್ರತಿಯೊಂದಕ್ಕೂ ಸ್ಟಿಕ್ಕರ್ ಹಚ್ಚಿ ಡೆಪಾಸಿಟ್ ತಗೊಂಡು ಚೀಟಿ ಕೊಟ್ರು, ವಾಪಸ್ ಬರುವಾಗ ಅಷ್ಟೂ ಬಾಟ್ಲಿ ತೋರಿಸಿದ್ರೆ ದುಡ್ಡು ವಾಪಸ್. ಬಹಳ ಒಳ್ಳೇ ಪದ್ಧತಿ, ತಮಾಷೆಗೆ ಹೇಳ್ತಿಲ್ಲ, ಇದು ಬಂದ್ಮೇಲೆ ನಿಜವಾಗ್ಲೂ ದಾರಿ ಪಕ್ಕದ ಕಸ ಕಮ್ಮಿ ಆಗಿದೆ. ಜನರ ಲೆಕ್ಕ? ಆರ್ಗನೈಸರ್ ಒಂದು ಪ್ರಿಂಟ್‌ಔಟ್ ಕೊಟ್ಟ, ಅದಕ್ಕೊಂದು ಸೀಲ್ ಬಿತ್ತು, ಅಷ್ಟೇ. ಒಳಗೆ ಹೋದ ಟೈಮ್ ಬರೆಯೋ ಕಾಲಂ ಇತ್ತು, ಹೊರಗೆ ಬಂದ ಟೈಮಿಗೂ ಒಂದು ಕಾಲಂ ಇತ್ತು, ನಾನು ಕುತೂಹಲಕ್ಕೆ ಹಿಂದಿನ ಪುಟ ತಿರುವಿ ನೋಡ್ದೆ, ಆ ಕಾಲಂ ಪುಟಗಟ್ಟಲೆ ಖಾಲಿ.

ಒಂದು ಗಂಟೆಗೆಲ್ಲ ತುದಿ ಮುಟ್ಟಿದ್ವಿ. ಊಟ, ಫೋಟೋ, ಮತ್ತೆ ಫೋಟೋ, ಇಳಿಯೋಕೆ ಶುರು ಮಾಡುವಾಗ ಮೂರೂಕಾಲು. ನಮ್ಮ ಟೀಮಿನ ಹುಡುಗ ಒಬ್ಬನಿಗೆ ಇಳಿಯುವಾಗ ಮೊಣಕಾಲು ಹಿಡ್ಕೊಳ್ತು, ನಾನು ಅವನ ಜೊತೆ ನಿಧಾನಕ್ಕೆ ಬರ್ತೀನಿ ನೀವು ಹೋಗ್ತಿರಿ ಅಂದೆ. ಇದು ಮೊದಲ್ನೇ ತಪ್ಪು, ನನ್ನದು. ಆರ್ಗನೈಸರ್ ಮುಂದೆ ಇದ್ದ, ಗುಂಪಿನ ಕೊನೇಲಿ ಬರೋಕೆ ಅವನ ಕಡೆಯವ್ರು ಯಾರೂ ಇರ್ಲಿಲ್ಲ, ಅದು ಎರಡನೇ ತಪ್ಪು, ಅವನದು. ನಾಲ್ಕೂವರೆ ಹೊತ್ತಿಗೆ ಪಡುವಣ ಕಡೆಯಿಂದ ಮಂಜು ಏರಿ ಬಂತು. ಜನವರೀಲಿ ಎಲ್ಲಿಂದ ಮಂಜು ಅಂತ ಬೆಂಗಳೂರಿನವ್ರು ಕೇಳ್ತಾರೆ, ಘಟ್ಟದ ಅಂಚಲ್ಲಿ ನಿಂತು ನೋಡಿದೋರಿಗೆ ಗೊತ್ತು, ಐದು ನಿಮಿಷದ ಹಿಂದೆ ಕಾಣ್ತಿದ್ದ ಗುಡ್ಡ ಅಲ್ಲಿರೋದೇ ಇಲ್ಲ.

ಎರಡು ಗುಡ್ಡ ಸೇರೋ ತಗ್ಗಲ್ಲಿ ದಾರಿ ಎರಡಾಯ್ತು. ಎಡಕ್ಕೆ ಹುಲ್ಲಿನ ಮಧ್ಯ ಒಬ್ಬ ನಡೆಯೋಷ್ಟು ಸಣ್ಣ ಜಾಡು. ನೇರಕ್ಕೆ ಏಳೆಂಟು ಅಡಿ ಅಗಲದ, ಹುಲ್ಲೆಲ್ಲ ಕೆರೆದು ಚೊಕ್ಕ ಮಾಡಿದ ರಾಜರಸ್ತೆ. ಬೋರ್ಡ್ ಇಲ್ಲ, ಬಾಣದ ಗುರುತಿಲ್ಲ, ಕಲ್ಲಿಗೆ ಬಣ್ಣ ಇಲ್ಲ. ಯಾರಾದ್ರೂ ಯಾವ ದಾರಿ ಹಿಡೀತಾರೆ ಹೇಳಿ? ನಾವೂ ರಾಜರಸ್ತೆ ಹಿಡಿದ್ವಿ. ಅದು ಫೈರ್ ಲೈನ್ ಅಂತ ನನಗೆ ಹೊಳೆದಿದ್ದು ಮುಕ್ಕಾಲು ಗಂಟೆ ನಡೆದು, ಅದು ಶೋಲಾ ಅನ್ನೋ, ಗುಡ್ಡದ ಮಡಿಲಿನ ದಟ್ಟ ಕಾಡಿನ ಅಂಚಲ್ಲಿ ಕತ್ತರಿಸಿದ ಹಾಗೆ ನಿಂತು ಹೋದಾಗ. ಬೇಸಿಗೆ ಬೆಂಕಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ದಾಟದೇ ಇರಲಿ ಅಂತ ನಿಮ್ಮೋರೇ ಕಷ್ಟಪಟ್ಟು ಕೆರೆಯೋ ಗೆರೆ ಅದು, ಬೆಂಕಿಯನ್ನ ತಡೆಯುತ್ತೆ ನಿಜ, ಆದ್ರೆ ಊರಿಗೆ ಹೋಗಲ್ಲ. ಟ್ರೆಕ್ಕಿಂಗ್ ಜೋರಾಗಿರೋ ಡಿಸೆಂಬರ್ ಜನವರಿ ತಿಂಗಳಲ್ಲೇ ಅದು ಹೊಸದಾಗಿ ಕೆರೆದು ಫಳಫಳ ಅಂತಿರುತ್ತೆ, ಜನ ಓಡಾಡೋ ನಿಜವಾದ ಜಾಡು ಅದರ ಪಕ್ಕ ಬಡವಾಗಿ ಕಾಣುತ್ತೆ. ಅದರ ಬಾಯಲ್ಲಿ "ಇದು ದಾರಿ ಅಲ್ಲ" ಅಂತ ನಾಲ್ಕಕ್ಷರ ಬರೆದಿಟ್ಟಿದ್ರೆ ನಾನು ಈ ಪತ್ರ ಬರೀತಾನೇ ಇರ್ಲಿಲ್ಲ.

ವಾಪಸ್ ಹತ್ತಿ ತಗ್ಗಿಗೆ ಹೋಗ್ಬೇಕಿತ್ತು. ಹೋಗ್ಲಿಲ್ಲ. ಹುಡುಗನಿಗೆ ಮೊಣಕಾಲು, ನನಗೆ ಜಂಬ. ಕೆಳಗೆ ಎಲ್ಲೋ ನೀರಿನ ಸದ್ದು ಕೇಳ್ತಿತ್ತು, ಹಳ್ಳ ಹಿಡ್ಕೊಂಡು ಇಳಿದ್ರೆ ಯಾವುದಾದ್ರೂ ತೋಟ ಸಿಕ್ಕೇ ಸಿಗುತ್ತೆ ಬಾ ಅಂದೆ. ಶೋಲಾ ಒಳಗೆ ನುಗ್ಗಿ ಒಂದರ್ಧ ಗಂಟೆ ಇಳಿದ್ವೋ ಅಡ್ಡಾಡಿದ್ವೋ ಗೊತ್ತಿಲ್ಲ, ಒಂದು ಕಡೆ ಬಂದು ನಿಂತ್ರೆ ಹುಡುಗ ನೆಲ ನೋಡಿ "ಅಣ್ಣಾ, ಇದು ನನ್ನ ಶೂ ಗುರುತೇ" ಅಂದ. ನಮ್ಮ ಅಜ್ಜಿ ಹೇಳ್ತಿದ್ರು, ಕಾಡಲ್ಲಿ ಒಂದು ಬಳ್ಳಿ ಇದೆ, ಅದನ್ನ ತುಳಿದ್ರೆ ದಿಕ್ಕು ತಪ್ಪಿ ಸುತ್ತಿದ ಕಡೆಯೇ ಸುತ್ತುತ್ತಾರೆ ಅಂತ. ನಾವು ಮಕ್ಕಳು ನಗ್ತಿದ್ವಿ. ಜರ್ಮನಿಯ ವಿಜ್ಞಾನಿಗಳು 2009ರಲ್ಲಿ ಜನರನ್ನ ದೊಡ್ಡ ಕಾಡೊಳಗೆ ಬಿಟ್ಟು, ಒಂದೇ ದಿಕ್ಕಿಗೆ ನೇರ ನಡೀರಿ ಅಂತ ಹೇಳಿ ಜಿಪಿಎಸ್ ಕಟ್ಟಿ ಕಳಿಸಿದ್ರು, ಸೂರ್ಯ ಕಾಣ್ತಿದ್ದ ದಿನ ನಡೆದೋರು ಹೆಚ್ಚುಕಮ್ಮಿ ನೇರ ಹೋದ್ರು, ಮೋಡ ಮುಚ್ಚಿದ ದಿನ ನಡೆದೋರು ಸುತ್ತು ಹೊಡೆದು ತಮ್ಮದೇ ಜಾಡನ್ನ ತಾವೇ ದಾಟಿದ್ರು, ದಾಟಿದ್ದೂ ಗೊತ್ತಾಗ್ಲಿಲ್ಲ. ಅಜ್ಜಿಯ ಬಳ್ಳಿ ಇದ್ಯೋ ಇಲ್ವೋ ನಾನು ಹೇಳಲ್ಲ, ಆ ಸುತ್ತು ಮಾತ್ರ ಇದೆ, ನಾನೇ ಸುತ್ತಿದ್ದೀನಿ.

ಅಲ್ಲಿಂದ ಮುಂದೆ ಹುಡುಗನೇ ದೊಡ್ಡವನಾದ. "ಅಣ್ಣಾ, ಇನ್ನು ಒಂದು ಹೆಜ್ಜೆನೂ ಇಡೋದು ಬೇಡ, ಕೂತ್ಕೊಳಿ" ಅಂದ. ಅವನ ಫೋನಲ್ಲಿ ಬ್ಯಾಟರಿ ಆರು ಪರ್ಸೆಂಟ್, ಆದ್ರೆ ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡಿ ಇಟ್ಕೊಂಡಿದ್ದ. ನನ್ನ ಫೋನಲ್ಲಿ ನಲವತ್ತು ಪರ್ಸೆಂಟ್, ಮ್ಯಾಪ್ ಇಲ್ಲ. ಇಬ್ಬರನ್ನೂ ಸೇರಿಸಿದ್ರೆ ಒಬ್ಬ ಬುದ್ಧಿವಂತ ಆಗ್ತಿದ್ದ. ಬಹಳ ಜನಕ್ಕೆ ಗೊತ್ತಿಲ್ಲ, ಫೋನಿನ ಜಿಪಿಎಸ್‌ಗೆ ಟವರ್ ಬೇಕಿಲ್ಲ, ಅದು ಸ್ಯಾಟಲೈಟ್ ನೋಡ್ಕೊಂಡು ಕೆಲಸ ಮಾಡುತ್ತೆ, ಮ್ಯಾಪ್ ಮಾತ್ರ ಮೊದ್ಲೇ ಇಳಿಸಿಟ್ಕೊಂಡಿರ್ಬೇಕು. ಟವರ್ ಇಲ್ಲದ ಜಾಗದಲ್ಲಿ ಫೋನು ಸುಮ್ನೆ ಟವರ್ ಹುಡುಕ್ತಾ ಹುಡುಕ್ತಾ ಬ್ಯಾಟರಿ ತಿಂದು ಹಾಕುತ್ತೆ, ಬೆಳಿಗ್ಗೆನೇ ಏರೋಪ್ಲೇನ್ ಮೋಡ್‌ಗೆ ಹಾಕಿದ್ರೆ ಸಂಜೆಗೂ ಉಳಿಯುತ್ತೆ, ಇದೂ ನನಗೆ ಅವನೇ ಹೇಳಿದ್ದು. ಮ್ಯಾಪಲ್ಲಿ ನೀಲಿ ಚುಕ್ಕೆ ದಟ್ಟ ಮರದ ಕೆಳಗೆ ಅತ್ತಿತ್ತ ಕುಣೀತಿತ್ತು, ಆದ್ರೂ ಅಂದಾಜು ಸಿಕ್ತು, ದಾರಿಯಿಂದ ಮುಕ್ಕಾಲು ಕಿಲೋಮೀಟರ್ ಪಶ್ಚಿಮಕ್ಕಿದ್ವಿ. ಮ್ಯಾಪ್ ತೋರಿಸಿದ ನಮ್ಮ ಜಾಗದ ಅಕ್ಷಾಂಶ ರೇಖಾಂಶದ ನಂಬರುಗಳನ್ನ ನನ್ನ ಫೋನಿಗೆ ಬರ್ಕೊಂಡ, ಕಾಡಿನ ಅಂಚಿಗೆ ವಾಪಸ್ ತೆವಳಿ ಹತ್ತಿ ಒಂದು ಬಂಡೆ ಮೇಲೆ ನಿಂತು ಬೆಂಗಳೂರಲ್ಲಿರೋ ನನ್ನ ತಂಗಿಗೆ ಎಸ್ಸೆಮ್ಮೆಸ್ ಹಾಕಿದ್ವಿ. ಕಾಲ್ ಹೋಗ್ಲಿಲ್ಲ. ಮೆಸೇಜು ಹತ್ತು ಹನ್ನೆರಡು ಸಲ ಫೇಲ್ ಆಗಿ ಏಳು ಗಂಟೆ ಸುಮಾರಿಗೆ ಹೇಗೋ ಹೋಯ್ತು. ಕಾಲ್ ಹೋಗದ ಜಾಗದಲ್ಲೂ ಕೆಲವು ಸಲ ಮೆಸೇಜು ಹೋಗುತ್ತೆ, ನೆನಪಿಟ್ಕೊಳಿ.

ತಂಗಿ 112ಕ್ಕೆ ಫೋನ್ ಮಾಡಿದ್ಲು. ಅವ್ರು ಸ್ಥಳೀಯ ಠಾಣೆಗೆ, ಠಾಣೆಯವ್ರು ಚೆಕ್‌ಪೋಸ್ಟಿಗೆ. ಇಲ್ಲಿ ನಿಮ್ಮ ಗಮನ ಸ್ವಲ್ಪ ಬೇಕು. ಚೆಕ್‌ಪೋಸ್ಟಿನಲ್ಲಿದ್ದೋರಿಗೆ ಇಬ್ಬರು ಇಳಿದಿಲ್ಲ ಅನ್ನೋದು ಗೊತ್ತಾಗಿದ್ದು ಬೆಂಗಳೂರಿಂದ ಬಂದ ಫೋನಿಂದ! ನಮ್ಮ ಹನ್ನೆರಡು ಜನ ಐದೂಮುಕ್ಕಾಲಿಗೇ ಇಳಿದಿದ್ರು, ಆರ್ಗನೈಸರ್ ಬೇರೆ ಯಾವುದೋ ಗುಂಪಿನ ಜೊತೆ ಬರ್ತಿದಾರೆ ಅಂದ್ಕೊಂಡು ಕೆಳಗಿನ ಮನೇಲಿ ಊಟಕ್ಕೆ ಕೂತಿದ್ದ. ರಿಜಿಸ್ಟರಲ್ಲಿ ಯಾರ ಹೆಸರಿನ ಮುಂದೂ ಹೊರಗೆ ಬಂದ ಟೈಮ್ ಇಲ್ಲ ಅಂದ್ಮೇಲೆ ನಮ್ಮ ಹೆಸರಿನ ಮುಂದೆ ಇಲ್ಲದೇ ಇರೋದು ಯಾರ ಕಣ್ಣಿಗೆ ಬೀಳ್ಬೇಕು?

ಇನ್ನೊಂದು. ತಂಗಿ ಆ ಅಕ್ಷಾಂಶ ರೇಖಾಂಶದ ನಂಬರ್ ಓದಿ ಹೇಳಿದ್ರೆ ವಾಚರ್‌ಗೆ ಅದು ಏನೂ ಅರ್ಥ ಆಗ್ಲಿಲ್ಲ. ಅವ್ರು ವಾಪಸ್ ಕೇಳಿದ್ದು, "ಅವ್ರು ಇರೋ ಕಡೆ ಎಂತ ಮರ ಉಂಟು? ಕಲ್ಲು ಉಂಟಾ? ಹಳ್ಳ ಎಡಕ್ಕಾ ಬಲಕ್ಕಾ?" ಇದನ್ನ ಅವರ ಅಜ್ಞಾನ ಅಂತ ಯಾರಾದ್ರೂ ಅಂದ್ರೆ ನಾನು ಜಗಳಕ್ಕೇ ಬರ್ತೀನಿ. ಅವರ ತಲೇಲಿ ಆ ಗುಡ್ಡದ ಪ್ರತಿ ತಿರುವಿಗೂ ಹೆಸರಿದೆ, ಯಾವ ಕಾಟಿ (ಕಾಡುಕೋಣ) ಹಿಂಡು ಯಾವ ಹೊತ್ತಿಗೆ ಎಲ್ಲಿ ದಾಟುತ್ತೆ ಅಂತ ಗೊತ್ತಿದೆ, ನಮ್ಮ ಮೊಬೈಲಿನ ಮ್ಯಾಪಿಗಿಂತ ನೂರು ಪಾಲು ಒಳ್ಳೇ ಮ್ಯಾಪದು. ಸಮಸ್ಯೆ ಏನಂದ್ರೆ ನಮ್ಮ ಮ್ಯಾಪಿನ ಭಾಷೆ ಅವ್ರಿಗೆ ಬರಲ್ಲ, ಅವರ ಮ್ಯಾಪಿನ ಭಾಷೆ ನಮಗೆ ಬರಲ್ಲ. ದಾರಿ ಉದ್ದಕ್ಕೂ ಒಂದೊಂದು ಫರ್ಲಾಂಗಿಗೆ ಒಂದು ಕಲ್ಲು ನೆಟ್ಟು ನಂಬರ್ ಬರೆದಿದ್ರೆ "ಹದಿನೇಳನೇ ಕಲ್ಲು ದಾಟಿದ್ವಿ, ಆಮೇಲೆ ತಪ್ಪಿದ್ವಿ" ಅಂತ ಒಂದು ಮಾತಲ್ಲಿ ಮುಗೀತಿತ್ತು. ಕರೆಂಟ್ ಕಂಬಕ್ಕೆಲ್ಲ ನಂಬರ್ ಇರುತ್ತೆ ಸ್ವಾಮಿ, ಮನುಷ್ಯರು ಕಳೆದು ಹೋಗೋ ದಾರಿಗೆ ಇಲ್ಲ.

ಅವತ್ತು ಸೂರ್ಯ ಮುಳುಗಿದ್ದು ಆರೂವರೆ ಹತ್ರ ಇರ್ಬೇಕು, ಶೋಲಾ ಒಳಗೆ ಐದೂಮುಕ್ಕಾಲಿಗೇ ಕೈ ಚಾಚಿದ್ರೆ ಬೆರಳು ಕಾಣ್ತಿರ್ಲಿಲ್ಲ. ಬೆವರಿಗೆ ಒದ್ದೆಯಾದ ಟೀಶರ್ಟು, ಮೇಲೆ ಗಾಳಿ, ಇಬ್ಬರೂ ಗಡಗಡ ನಡುಗಿದ್ವಿ. ಹಿಮ ಬೀಳೋ ಊರಲ್ಲಿ ಮಾತ್ರ ಚಳಿಗೆ ಜನ ಸಾಯ್ತಾರೆ ಅನ್ನೋದು ಸುಳ್ಳು, ಒದ್ದೆ ಬಟ್ಟೆ ಮತ್ತೆ ಗಾಳಿ ಸೇರಿದ್ರೆ ಹತ್ತು ಡಿಗ್ರಿಯಲ್ಲೂ ಮೈ ಶಾಖ ಇಳಿದು ಹೋಗುತ್ತೆ. ಹುಡುಗನ ಬ್ಯಾಗಲ್ಲಿ ಮಳೆಗಾಲದಲ್ಲಿ ಬ್ಯಾಗಿಗೆ ಹಾಕೋ ದೊಡ್ಡ ಕಸದ ಕವರ್ ಒಂದು ಉಳ್ಕೊಂಡಿತ್ತು, ಚೆಕ್‌ಪೋಸ್ಟಲ್ಲಿ ಹೇಗೋ ಕಣ್ಣು ತಪ್ಪಿಸ್ಕೊಂಡಿದ್ದು, ಅದನ್ನೇ ಹರಿದು ಇಬ್ಬರೂ ಹೊದ್ಕೊಂಡ್ವಿ. ಸೀಟಿ ಇರ್ಲಿಲ್ಲ, ಸ್ಟೀಲ್ ಟಿಫನ್ ಬಾಕ್ಸಿನ ಮುಚ್ಚಳಕ್ಕೆ ಚಮಚದಲ್ಲಿ ಮೂರು ಸಲ ಬಡಿಯೋದು, ಒಂದು ನಿಮಿಷ ಬಿಡೋದು, ಮತ್ತೆ ಮೂರು. ಒಂದು ಸಲ ಹತ್ರದಲ್ಲೇ ಏನೋ ದೊಡ್ಡದು ಬುಸ್ ಅಂದು ಗಿಡ ಮುರ್ಕೊಂಡು ಹೋಯ್ತು, ಕಾಟಿ ಅಂತ ನಾನು, ಆನೆ ಅಂತ ಅವನು, ನೋಡೋಕೆ ಇಬ್ಬರೂ ಹೋಗ್ಲಿಲ್ಲ. ಹತ್ತೂಮುಕ್ಕಾಲಿಗೆ ದೂರದಲ್ಲಿ ಕೂಗು ಕೇಳ್ತು, ಕೂ... ಅಂತ ಉದ್ದಕ್ಕೆ, ನಮ್ಮೂರ ಕಡೆ ತೋಟದಿಂದ ತೋಟಕ್ಕೆ ಹಾಕೋ ಕೂಗು. ಅಷ್ಟು ಹೊತ್ತು ಗಟ್ಟಿಯಾಗಿದ್ದ ನಾನು ಆ ಕೂಗು ಕೇಳಿದ ಮೇಲೆ ಅತ್ತುಬಿಟ್ಟೆ.

ಬಂದೋರು ಇಬ್ಬರು ವಾಚರ್, ಜೊತೆಗೆ ಕೆಳಗಿನ ತೋಟದ ಒಬ್ಬ ಹಿರೀರು. ಮೂವರಿಗೂ ಸೇರಿ ಸರಿಯಾಗಿ ಉರಿಯೋ ಟಾರ್ಚ್ ಒಂದೇ, ಅದೂ ಆ ಹಿರೀರದ್ದು. ವಾಕಿಟಾಕಿ ಇಲ್ಲ, ಹಗ್ಗ ಇಲ್ಲ, ಒಬ್ಬರ ಕಾಲಲ್ಲಿ ಹವಾಯಿ ಚಪ್ಪಲಿ. ನಾನು ಹಳ್ಳ ಹಿಡ್ಕೊಂಡು ಇಳಿಯೋಣ ಅಂತಿದ್ದೆ ಅಂದಾಗ ಹಿರೀರು ನಿಂತು ನನ್ನ ಮುಖ ನೋಡಿದ್ರು. "ನೀವು ಮಲೆನಾಡಿನವ್ರು ಅಂತೀರಿ ಮಾರಾಯ್ರೆ, ಈ ಹಳ್ಳ ಪಡುವಣಕ್ಕೆ ಹರಿಯೋದು, ಅಲ್ಲೇ ಮುಂದೆ ಅಬ್ಬಿ. ಇಳಿದಿದ್ರೆ ನಾಳೆ ನಿಮ್ಮನ್ನ ಕೆಳಗಿಂದ ಎತ್ತೋಕೆ ಜನ ಕರೀಬೇಕಿತ್ತು" ಅಂದ್ರು. ಅಬ್ಬಿ ಅಂದ್ರೆ ಜಲಪಾತ. ಹಳ್ಳ ಹಿಡ್ಕೊಂಡು ಹೋದ್ರೆ ಊರು ಸಿಗುತ್ತೆ ಅನ್ನೋ ಮಾತು ಬಯಲುಸೀಮೆಗೆ ಸರಿ ಇರ್ಬೋದು, ಘಟ್ಟದಲ್ಲಿ ಅದು ಕೊಲ್ಲೋ ಮಾತು. ಪಶ್ಚಿಮಕ್ಕೆ ಹರಿಯೋ ನೀರು ಘಟ್ಟದ ಅಂಚಲ್ಲಿ ಧುಮುಕಲೇಬೇಕು, ಬಲ್ಲಾಳರಾಯನ ದುರ್ಗದ ಹತ್ರ ಬಂಡಾಜೆ ಅಬ್ಬಿ ನೋಡಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ, ಹುಲ್ಲುಗಾವಲಲ್ಲಿ ಸಾಧುವಾಗಿ ಹರ್ಕೊಂಡು ಬಂದ ಹಳ್ಳ ಇದ್ದಕ್ಕಿದ್ದಂತೆ ಇನ್ನೂರು ಅಡಿ ಕೆಳಗೆ ಹೋಗ್ಬಿಡುತ್ತೆ. ಹಿರೀರು ಇನ್ನೊಂದು ಹೇಳಿದ್ರು, ಅದು ಬಂಗಾರದಂಥ ಮಾತು. "ನೀರನ್ನ ನಂಬಬೇಡಿ, ಪೈಪನ್ನ ನಂಬಿ." ಅಡಿಕೆ ತೋಟದವ್ರು ಗುಡ್ಡದ ಮೇಲಿನ ಒರತೆಯಿಂದ ಮನೆಗೆ ಕರಿ ಪೈಪಲ್ಲಿ ನೀರು ತರ್ತಾರೆ, ಅದಕ್ಕೆ ಪಂಪು ಬೇಕಿಲ್ಲ, ಇಳಿಜಾರಲ್ಲಿ ತಾನೇ ಬರುತ್ತೆ. ಪೈಪಿನ ಇನ್ನೊಂದು ತುದೀಲಿ ಯಾವಾಗ್ಲೂ ಒಂದು ಮನೆ ಇರುತ್ತೆ. 2019ರ ಸೆಪ್ಟೆಂಬರಲ್ಲಿ ಕುಮಾರ ಪರ್ವತದಲ್ಲಿ ತಪ್ಪಿಸ್ಕೊಂಡಿದ್ದ ಬೆಂಗಳೂರಿನ ಯುವಕ ಎರಡು ದಿನ ಆದ್ಮೇಲೆ ಜೀವಂತ ಸುಬ್ರಹ್ಮಣ್ಯದ ಕಡೆ ಬಂದು ಸೇರಿದ್ದೂ ಒಂದು ನೀರಿನ ಪೈಪ್ ಹಿಡ್ಕೊಂಡೇ.

ಕೆಳಗೆ ಬಂದು ಮುಟ್ಟಿದಾಗ ರಾತ್ರಿ ಹನ್ನೆರಡೂವರೆ. ಈಗ ನಾನು ಹೇಳೋದನ್ನ ನೀವು ನಂಬಲ್ಲ. ಚೆಕ್‌ಪೋಸ್ಟಿನಲ್ಲಿ ಕೂತಿದ್ದೋರು ಎದ್ದು ಬಂದ್ರು, ಹುಷಾರಿದೀರಾ ಅಂತ ಕೇಳಿದ್ರು, ನೀರು ಕೊಟ್ರು, ಎಲ್ಲ ಆದ್ಮೇಲೆ ಬೆಳಗಿನ ಚೀಟಿ ತೆಗೆದು ನೋಡಿ ಹೇಳಿದ್ರು, "ಸಾರ್, ನಿಮ್ಮ ಗ್ರೂಪ್‌ದು ಹದಿನೆಂಟು ಬಂದಿದೆ, ಒಂದು ಬಾಟ್ಲಿ ಕಮ್ಮಿ ಇದೆ."

ನಾನು ಸಿಟ್ಟಾಗ್ಲಿಲ್ಲ, ನಿಜವಾಗ್ಲೂ ನಗು ಬಂತು. ಮನೆಗೆ ಬಂದ್ಮೇಲೆ ಸಿಟ್ಟು ಬಂತು. ಇಬ್ಬರು ಮನುಷ್ಯರು ಕಮ್ಮಿ ಆಗಿದ್ದು ಆರು ಗಂಟೆಗೆ ಗೊತ್ತಾಗದ ವ್ಯವಸ್ಥೆಗೆ ಒಂದು ಬಾಟ್ಲಿ ಕಮ್ಮಿ ಆಗಿದ್ದು ನಡುರಾತ್ರಿಯಲ್ಲೂ ಗೊತ್ತಾಗುತ್ತೆ. ಅಂದ್ರೆ ಎಣಿಸೋಕೆ ಬರಲ್ಲ ಅಂತ ಅಲ್ಲ. ಬಾಟ್ಲಿಗೆ ಡೆಪಾಸಿಟ್ ಇದೆ, ನಮಗಿಲ್ಲ.

ನೀವು ಏನೂ ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. 2024ರ ಜನವರಿ, ಗಣರಾಜ್ಯೋತ್ಸವದ ರಜೆಗೆ 1712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಜಾತ್ರೆ ಥರ ಸಾವಿರಾರು ಜನ ನುಗ್ಗಿದ ಫೋಟೋ ನಾವೆಲ್ಲ ನೋಡಿದ್ವಿ, ಅದಾದ್ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿದ್ರಿ, ಅಕ್ಟೋಬರಲ್ಲಿ ಒಂದೊಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿ ಆನ್‌ಲೈನ್ ಟಿಕೆಟ್ ತಂದ್ರಿ. ಬೈದೋರು ಬಹಳ ಜನ, ನಾನು ಮೆಚ್ಕೊಂಡೋನು. ಆದ್ರೆ ಆ ವ್ಯವಸ್ಥೆ ಎಷ್ಟು ಜನ ಒಳಗೆ ಹೋಗ್ಬೇಕು ಅನ್ನೋದಕ್ಕೆ ಉತ್ತರ, ಒಳಗೆ ಹೋದೋರು ಹೊರಗೆ ಬಂದ್ರಾ ಅನ್ನೋದು ಬೇರೆ ಪ್ರಶ್ನೆ. ಟಿಕೆಟ್ಟಲ್ಲಿ ಹೆಸರಿದೆ, ವಯಸ್ಸಿದೆ, ಗುರುತಿನ ಚೀಟಿ ನಂಬರಿದೆ, ಕ್ಯೂಆರ್ ಕೋಡ್ ಇದೆ. ಅದನ್ನೇ ಸಂಜೆ ಇನ್ನೊಂದು ಸಲ ಸ್ಕ್ಯಾನ್ ಮಾಡಿದ್ರೆ ಯಾರು ಬಂದಿಲ್ಲ ಅನ್ನೋದು ತಾನೇ ಕಾಣುತ್ತೆ. ನೆಟ್‌ವರ್ಕ್ ಇಲ್ಲ ಅಂತೀರಾ, ಸರಿ, ಬಾಟ್ಲಿಗೆ ಹಚ್ಚೋ ಸ್ಟಿಕ್ಕರ್ ಥರ ಒಬ್ಬೊಬ್ಬರಿಗೆ ಒಂದು ತಗಡಿನ ಬಿಲ್ಲೆ ಕೊಡಿ, ಗೋಡೆಗೆ ಮೊಳೆ ಹೊಡೆದು ಅದರ ಜೋಡಿ ಬಿಲ್ಲೆ ಅಲ್ಲಿ ನೇತು ಹಾಕಿ, ಇಳಿದೋರು ತಂದು ಕೊಟ್ಟಾಗ ತೆಗೀರಿ. ಆರು ಗಂಟೆಗೆ ಗೋಡೆ ಮೇಲೆ ಎರಡು ಬಿಲ್ಲೆ ಉಳಿದಿದ್ರೆ ಇಬ್ಬರು ಮೇಲಿದ್ದಾರೆ. ಇದಕ್ಕೆ ಟೆಂಡರ್ ಕೂಡ ಬೇಕಾಗಿಲ್ಲ.

ಎರಡನೇದು, ದಾರಿ ಗುರುತು. ಕಾಡಿಗೆಲ್ಲ ಬೋರ್ಡ್ ಹೊಡೆದು ಪಾರ್ಕ್ ಮಾಡಿ ಅಂತ ನಾನು ಕೇಳ್ತಿಲ್ಲ, ಅದು ನನಗೂ ಇಷ್ಟ ಇಲ್ಲ. ದಾರಿ ಕವಲು ಒಡೆಯೋ ಕಡೆ, ಫೈರ್ ಲೈನ್ ಸೇರೋ ಕಡೆ, ದನದ ಜಾಡು ಕೂಡೋ ಕಡೆ, ಇಷ್ಟು ಸಾಕು. ಮಂಜಲ್ಲೂ ಕಾಣೋ ಬಣ್ಣ ಇರಲಿ. ಎಲ್ಲಿ ಸಿಗ್ನಲ್ ಸಿಗುತ್ತೆ ಅನ್ನೋದು ಪ್ರತಿ ವಾಚರ್‌ಗೂ ಗೊತ್ತು, ಆ ಬಂಡೆಗಳ ಮೇಲೆ ಒಂದು ಫೋನಿನ ಚಿತ್ರ ಬರೆಸಿ, ಪಕ್ಕದಲ್ಲಿ 112 ಅಂತ ಬರೆಸಿ. ನಿಮ್ಮ ಕಂಪ್ನಿ ಸಿಮ್ಮಿಗೆ ಟವರ್ ಇಲ್ಲದಿದ್ರೂ ಬೇರೆ ಯಾವುದೇ ಕಂಪ್ನಿ ಟವರ್ ಇದ್ರೆ 112ಕ್ಕೆ ಕಾಲ್ ಹೋಗುತ್ತೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? 2022ರ ಫೆಬ್ರವರಿಯಲ್ಲಿ ನಂದಿ ಬೆಟ್ಟದ ಹತ್ರ ಬ್ರಹ್ಮಗಿರಿಯಲ್ಲಿ ಸುಮಾರು 300 ಅಡಿ ಕೆಳಗೆ ಜಾರಿ ಸಿಕ್ಕಾಕ್ಕೊಂಡ ವಿದ್ಯಾರ್ಥಿ ಪೊಲೀಸರಿಗೆ ಲೊಕೇಶನ್ ಕಳಿಸಿದ್ದಕ್ಕೆ ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತೋಕಾಯ್ತು, ಅಲ್ಲಿ ಸಿಗ್ನಲ್ ಇತ್ತು, ಹಗಲು ಇತ್ತು, ಬೋಳು ಬಂಡೆ ಇತ್ತು. ಶೋಲಾ ಒಳಗೆ ರಾತ್ರಿ ಮಂಜಲ್ಲಿ ಯಾವ ಹೆಲಿಕಾಪ್ಟರೂ ಬರಲ್ಲ, ಹವಾಯಿ ಚಪ್ಪಲಿ ಹಾಕ್ಕೊಂಡ ವಾಚರೇ ಬರ್ಬೇಕು.

ಅದಕ್ಕೇ ಮೂರನೇದು, ನನಗೆ ಎಲ್ಲಕ್ಕಿಂತ ಮುಖ್ಯವಾದ್ದು. ನಾವು ಕಟ್ಟೋ ಟಿಕೆಟ್ ದುಡ್ಡಲ್ಲಿ ಆ ಚೆಕ್‌ಪೋಸ್ಟಿಗೆ ನಾಲ್ಕು ಒಳ್ಳೇ ಹೆಡ್‌ಲ್ಯಾಂಪ್, ಎರಡು ವಾಕಿಟಾಕಿ, ಒಂದು ಹಗ್ಗ, ಒಂದು ಮಡಚೋ ಸ್ಟ್ರೆಚರ್, ಕಾಲಿಗೆ ಶೂ ಕೊಡಿಸಿ. ಹುಡುಕೋಕೆ ಹೋದ ರಾತ್ರಿಗೆ ಅವ್ರಿಗೆ ಬೇರೆ ಭತ್ಯೆ ಕೊಡಿ, ಆ ತೋಟದ ಹಿರೀರಂಥೋರು ಜೊತೆಗೆ ಬಂದ್ರೆ ಅವ್ರಿಗೂ ಕೊಡಿ, ನಾನು ಕೊಡೋಕೆ ಹೋದ್ರೆ ಅವ್ರು ಮುಟ್ಲಿಲ್ಲ, "ಎಂತದು ಇದೆಲ್ಲ, ಕಾಫಿ ಕುಡ್ಕೊಂಡು ಹೋಗಿ" ಅಂದ್ರು. ಗೈಡ್ ಕಡ್ಡಾಯ ಮಾಡಿರೋ ಕಡೆ ಊರಿನ ಹುಡುಗರನ್ನೇ ತಗೊಳಿ, ಒಬ್ಬ ಗೈಡಿಗೆ ಇಷ್ಟೇ ಜನ ಅಂತ ಇರಲಿ, ಅವನು ಗುಂಪಿನ ಹಿಂದೆ ನಡೀಬೇಕು ಅಂತಾನೂ ಇರಲಿ. ಮುಂದೆ ನಡೆಯೋನು ಗುಂಪಿಗೆ ದಾರಿ ತೋರಿಸ್ತಾನೆ ಅಷ್ಟೇ, ಹಿಂದೆ ನಡೆಯೋನು ಯಾರೂ ಉಳೀದಂಗೆ ನೋಡ್ಕೊಳ್ತಾನೆ.

ಆರ್ಗನೈಸರ್‌ಗಳಿಗೆ ಜಾಸ್ತಿ ಹೇಳಲ್ಲ. ಬಸ್ಸಲ್ಲಿ ಅಂತ್ಯಾಕ್ಷರಿ ಆಡ್ಸೋ ಎರಡು ಗಂಟೇಲಿ ಹತ್ತು ನಿಮಿಷ ತೆಗೆದು, ದಾರಿ ಎಲ್ಲಿ ಕವಲು ಒಡೆಯುತ್ತೆ, ಎಷ್ಟು ಗಂಟೆಗೆ ಎಲ್ಲಿದ್ರೂ ವಾಪಸ್ ತಿರುಗ್ಬೇಕು, ತಪ್ಪಿದ್ರೆ ಇದ್ದಲ್ಲೇ ಕೂತ್ಕೋಬೇಕು, ಇಷ್ಟು ಹೇಳಿ. ತುದಿ ಮುಟ್ಲಿಲ್ಲ ಅಂದ್ರೆ ರಿವ್ಯೂ ಕೆಟ್ಟದಾಗಿ ಬರೀತಾರೆ ಅನ್ನೋ ಹೆದರಿಕೆಗೆ ಮೂರು ಗಂಟೆ ತನಕ ಮೇಲೆ ಕೂರಿಸ್ಬೇಡಿ.

ಉಣುಗಿನ, ಅಂದ್ರೆ ಮೈಗೆ ಕಚ್ಕೊಂಡು ರಕ್ತ ಹೀರೋ ಉಣ್ಣೆಯ ವಿಷಯ ಬಿಟ್ಟೇ ಹೋಗ್ತಿತ್ತು. ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿದ್ರೆ ಕಾಟಿ, ಚಳಿ ಯಾವುದನ್ನೂ ಕೇಳ್ಲಿಲ್ಲ, "ಒಣಗಿದ ಎಲೆ ಮೇಲೆ ಕೂತಿದ್ಯಾ? ಉಣುಗು ಹತ್ತಿದ್ಯಾ ನೋಡ್ಕೋ" ಅಂದ್ರು. ಉಣುಗಿಂದ ಹರಡೋ ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದ್ಲು ಗೊತ್ತಾಗಿದ್ದು, ಇವತ್ತಿಗೂ ಮಲೆನಾಡಲ್ಲಿ ಚಳಿಗಾಲದಿಂದ ಬೇಸಿಗೆ ತನಕ ಅದರ ಹೆದರಿಕೆ ಇದ್ದೇ ಇರುತ್ತೆ, ಟ್ರೆಕ್ಕಿಂಗ್ ಸೀಸನ್ನೂ ಅದೇ. ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಬರ್ಬೋದು, ಅಷ್ಟರಲ್ಲಿ ಟ್ರೆಕ್ಕರ್ ಬೆಂಗಳೂರಲ್ಲಿರ್ತಾನೆ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳೋದೇ ಇಲ್ಲ. ನಾನು ಎಂಟು ದಿನ ದಿನಾ ಥರ್ಮಾಮೀಟರ್ ಹಿಡ್ಕೊಂಡು ಕೂತೆ, ಏನೂ ಆಗ್ಲಿಲ್ಲ. ಇಂಬಳಕ್ಕೆ (ಜಿಗಣೆಗೆ) ಉಪ್ಪು ತಗೊಂಡು ಹೋಗಿ ಅಂತ ಎಲ್ಲರೂ ಹೇಳ್ತಾರೆ, ಉಣುಗಿನ ಬಗ್ಗೆ ಒಂದು ಬೋರ್ಡ್ ಚೆಕ್‌ಪೋಸ್ಟಲ್ಲಿ ಇರ್ಬೇಕು.

ಈ ಪತ್ರಕ್ಕೆ ಉತ್ತರ ಬರುತ್ತೆ ಅಂತ ನಾನು ಕಾಯಲ್ಲ. ಮುಂದಿನ ಡಿಸೆಂಬರಲ್ಲಿ ಅದೇ ಬೆಟ್ಟಕ್ಕೆ ಮತ್ತೆ ಹೋಗ್ತೀನಿ, ಹುಡುಗನೂ ಬರ್ತೀನಿ ಅಂದಿದಾನೆ, ಅವನ ಮೊಣಕಾಲು ಈಗ ಸರಿ ಇದೆ. ಇಳಿದು ಬಂದಾಗ ರಿಜಿಸ್ಟರಿನ ಕೊನೇ ಕಾಲಂ ನೋಡ್ತೀನಿ.

ಇಂತಿ,
ಆ ರಾತ್ರಿ ಲೆಕ್ಕಕ್ಕೆ ಸಿಗದ ಇಬ್ಬರಲ್ಲಿ ಒಬ್ಬ

ತಾ.ಕ.: ಆ ಹತ್ತೊಂಬತ್ತನೇ ಬಾಟ್ಲಿ ನನ್ನದೇ. ಫೈರ್ ಲೈನ್ ಮುಗಿಯೋ ಕಡೆ, ಬಂಡೆ ಪಕ್ಕ, ಕತ್ತಲಲ್ಲಿ ಬಿಟ್ಟು ಬಂದಿದೀನಿ. ಡೆಪಾಸಿಟ್ ನೀವೇ ಇಟ್ಕೊಳಿ, ಬೋರ್ಡ್ ಹಾಕೋಕೆ ಯಾರಾದ್ರೂ ಅಲ್ಲಿಗೆ ಹೋದ್ರೆ ಅದನ್ನೂ ಎತ್ಕೊಂಡು ಬನ್ನಿ.